ಮೊಳೆ ಮಾವನ ಕಣ್ಣಳತೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಇಲ್ಲದ ಹಾಳೆಯಲ್ಲಿ ಬರೆದರೆ ಸಾಲು ಬಲಕ್ಕೆ ಹೋದಂತೆಲ್ಲ ಕೆಳಗೆ ಜಾರುತ್ತದೆ. ಓದು ಅರ್ಧಕ್ಕೆ ನಿಂತದ್ದರಿಂದ ಪದಗಳೂ ಕೈಗೆ ಸಿಕ್ಕಷ್ಟೇ. ಸಿಕ್ಕವನ್ನು ಎರಡೆರಡು ಸಲ ತಿರುಗಿಸಿ ನೋಡಿ ಇಟ್ಟಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದು ನನ್ನ ಸೋದರಮಾವನ ವಿಷಯ. ನಾನು ಇರುವುದು ಅವರ ಮನೆಯಲ್ಲೇ. ಅವರು ಹೇಳಿದ್ದು, ಅತ್ತೆ ಹೇಳಿದ್ದು, ಆ ಬೀದಿಯವರು ಹೇಳಿದ್ದು, ಇಷ್ಟನ್ನೂ ಸೇರಿಸಿ ಬರೆದಿದ್ದೇನೆ.

ಊರಿನ ಬಸ್ ನಿಲ್ದಾಣದ ಬೆನ್ನಿಗೆ ಒಂದು ಏರುಬೀದಿ ಇದೆ. ಕೆಳಗಿನ ತುದಿಯಲ್ಲಿ ಬೀಗ ರಿಪೇರಿಯವನ ಅಂಗಡಿ, ಮೇಲಿನ ತುದಿಯಲ್ಲಿ ಹಳೆಯ ಮುದ್ರಣಾಲಯದ ಕಟ್ಟಡ. ನಡುವೆ ಒಂದು ಬೇಕರಿ ಬಿಟ್ಟರೆ ಉಳಿದದ್ದೆಲ್ಲ ಗ್ಯಾಲರಿಗಳು ಮತ್ತು ಚಿತ್ರಕಾರರ ಕೋಣೆಗಳು. ಒಂದು ಗ್ಯಾಲರಿ ಹಿಂದೆ ಬ್ಯಾಂಕಾಗಿತ್ತು; ಅದರ ಕಬ್ಬಿಣದ ಬಾಗಿಲು ಇವತ್ತಿಗೂ ಪೂರ್ತಿ ಮುಚ್ಚುವುದಿಲ್ಲ. ಇನ್ನೊಂದು ನೆಲಮಾಳಿಗೆಯಲ್ಲಿದೆ, ಒಳಗೆ ಇಳಿಯುವವರು ಒಮ್ಮೆಯಾದರೂ ತಲೆ ಬಡಿಸಿಕೊಳ್ಳದೆ ಇಳಿಯುವುದಿಲ್ಲ. ಮುದ್ರಣಾಲಯದಲ್ಲಿ ಈಗ ಅಚ್ಚಿನ ಯಂತ್ರಗಳಿಲ್ಲ, ಮಹಡಿ ಮಹಡಿಗೂ ಬಣ್ಣದ ಮತ್ತು ಒದ್ದೆ ಬಟ್ಟೆಯ ವಾಸನೆ. ತಿಂಗಳ ಮೊದಲ ಗುರುವಾರ ಸಂಜೆ ಬೀದಿಯ ಎಲ್ಲ ಬಾಗಿಲುಗಳೂ ಒಟ್ಟಿಗೆ ತೆರೆಯುತ್ತವೆ. ಹೊಸ ಚಿತ್ರಗಳು ಆವತ್ತು ಗೋಡೆಯ ಮೇಲಿರಬೇಕು. ಜನ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ನಡೆಯುತ್ತಾ, ಚಿತ್ರ ನೋಡುತ್ತಾ, ಅದಕ್ಕಿಂತ ಹೆಚ್ಚಾಗಿ ಒಬ್ಬರನ್ನೊಬ್ಬರು ನೋಡುತ್ತಾ ಮೇಲೇರುತ್ತಾರೆ.

ಆ ಚಿತ್ರಗಳನ್ನು ಗೋಡೆಗೆ ಹಾಕುವ ಕೆಲಸ ಮಾವನದು. ಚಿಕ್ಕ ವಯಸ್ಸಿನಲ್ಲಿ ಬಡಗಿಯೊಬ್ಬರ ಜೊತೆ ಕಿಟಕಿ ಕೂರಿಸಲು ಆ ಬೀದಿಗೆ ಹೋದವರು. ಪಕ್ಕದ ಕೋಣೆಯಲ್ಲಿ ಒಬ್ಬ ಚಿತ್ರಕಾರ ಮೊಳೆ ಹೊಡೆಯಲು ಹೋಗಿ ಬೆರಳು ಜಜ್ಜಿಕೊಂಡು ಬಾಯಲ್ಲಿಟ್ಟುಕೊಂಡು ಕೂತಿದ್ದರಂತೆ. ಮಾವ ಸುತ್ತಿಗೆ ಇಸಿದುಕೊಂಡು ಹೊಡೆದುಕೊಟ್ಟರು. ಕಿಟಕಿಯ ಕೆಲಸ ಆ ವಾರವೇ ಮುಗಿಯಿತು, ಮೊಳೆಯ ಕೆಲಸ ಮುಗಿಯಲೇ ಇಲ್ಲ. ಬೀದಿಯವರು ಮೊದಲು ಅವರನ್ನು ಮೊಳೆ ಎಂದು ಕರೆದರು, ಮೀಸೆ ದಪ್ಪವಾದ ಮೇಲೆ ಮೊಳೆ ಅಣ್ಣ ಎಂದರು, ತಲೆ ನೆರೆತ ಮೇಲೆ ಮೊಳೆ ಮಾವ ಎಂದರು. ಬೆರಳು ಜಜ್ಜಿಕೊಂಡಿದ್ದ ಆ ಚಿತ್ರಕಾರ ಅವರ ಜೀವದ ಗೆಳೆಯರಾದರು. ಅಂಗಿಯ ಕಾಲರಿಗೆ ಯಾವಾಗಲೂ ನೀಲಿ ಬಣ್ಣ ಮೆತ್ತಿಕೊಂಡಿರುವುದರಿಂದ ಅವರನ್ನು ಎಲ್ಲರೂ ನೀಲಿ ಎಂದೇ ಕರೆಯುತ್ತಾರೆ.

ಮಾವ ಕೆಲಸ ಮಾಡುವ ರೀತಿ ಒಂದಿತ್ತು. ಖಾಲಿ ಗೋಡೆಯ ಎದುರಿನ ಗೋಡೆಗೆ ಬೆನ್ನು ಹಚ್ಚುತ್ತಿದ್ದರು. ಬೂಟು ಬಿಚ್ಚಿ, ಹಿಮ್ಮಡಿ ಕೂಡಿಸಿ, ಒಮ್ಮೆ ಉಸಿರು ಬಿಟ್ಟು, ನೆಟ್ಟಗೆ ನಿಂತು ನೇರ ನೋಡುತ್ತಿದ್ದರು. ನೋಟ ಎಲ್ಲಿ ಹೋಗಿ ಮುಟ್ಟುತ್ತದೋ ಅಲ್ಲಿ ಚಿತ್ರದ ಹೊಕ್ಕುಳು ಬರಬೇಕು. ಚಿತ್ರದ ನಟ್ಟನಡುವಿಗೆ ಹೊಕ್ಕುಳು ಎಂಬುದು ಅವರ ಮಾತು. ಅಲ್ಲಿಗೊಂದು ಪೆನ್ಸಿಲ್ ಗುರುತು ಹಾಕಿ, ಮಟ್ಟ ನೋಡುವ ರಸಮಟ್ಟ ಹಿಡಿದು ಕೋಣೆಯ ಸುತ್ತ ಗೆರೆ ಎಳೆದರೆ ಅರ್ಧ ಕೆಲಸ ಆದ ಹಾಗೆ. ಗಾರೆ ಉದುರದಿರಲಿ ಎಂದು ಮೊಳೆ ಬರುವ ಜಾಗಕ್ಕೆ ಅಂಟುಪಟ್ಟಿಯ ಎರಡು ತುಂಡು ಅಡ್ಡಡ್ಡ ಹಚ್ಚಿ ಅದರ ಮೇಲೆ ಹೊಡೆಯುತ್ತಿದ್ದರು. ಅವರದು ಎಡಗೈ. ಆದ್ದರಿಂದ ಅವರ ಮೊಳೆಗಳು ಸ್ವಲ್ಪ ಒಂದೇ ಕಡೆಗೆ ವಾಲಿರುತ್ತವೆ.

ಟೇಪು ಹಿಡಿದು ಎತ್ತರ ಅಳೆದವರಲ್ಲ. ಟೇಪು ಬಟ್ಟೆಗೆ, ಕಣ್ಣು ಗೋಡೆಗೆ ಎನ್ನುತ್ತಿದ್ದರು. ಬೀದಿಯೂ ಅದನ್ನು ನಂಬಿತ್ತು. ಒಂದು ಗ್ಯಾಲರಿಯ ಚಿತ್ರ ನೋಡಿ ಇನ್ನೊಂದಕ್ಕೆ ಹೋದರೆ ಕತ್ತು ಮೇಲೆ ಕೆಳಗೆ ಆಡಿಸಬೇಕಾಗಿರಲಿಲ್ಲ. ಬೀದಿ ಪೂರ್ತಿ ಒಂದೇ ಗೆರೆ, ಅದು ಮಾವನ ಗೆರೆ.

ಮಾವನಿಗೆ ಚಿತ್ರ ಬರೆಯಲು ಬರುವುದಿಲ್ಲ, ಚಿತ್ರದ ಬಗ್ಗೆ ಮಾತಾಡಲೂ ಬರುವುದಿಲ್ಲ. ಆದರೂ ಗುರುವಾರ ಸಂಜೆ ಮುಖ ತೊಳೆದು, ಬೂದುಬಣ್ಣದ ಕೋಟು ಹಾಕಿಕೊಂಡು, ತಾವೇ ಮೊಳೆ ಹೊಡೆದ ಬೀದಿಗೆ ನೆಂಟರ ಹಾಗೆ ಹೋಗುತ್ತಿದ್ದರು. ಅಲ್ಲಿ ಅವರನ್ನು ತೋಳು ಹಿಡಿದು ಎಳೆಯುವವರಿದ್ದರು. ನಮ್ಮದು ಹೇಗಿದೆ ಹೇಳಿ ಮಾವ ಎಂದು ಎಲ್ಲರೂ ಕೇಳುವವರೇ. ಮಾವ ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ನೋಡಿ, ಗೋಡೆಗೆ ಒಪ್ಪುತ್ತೆ ಎನ್ನುತ್ತಿದ್ದರು. ಎಲ್ಲ ಚಿತ್ರಕ್ಕೂ ಅದೇ ಮಾತು. ಚಿತ್ರಕಾರರು ಅದನ್ನು ದೊಡ್ಡ ಹೊಗಳಿಕೆ ಎಂದುಕೊಂಡು ಹಿಗ್ಗುತ್ತಿದ್ದರು. ಮೂಲೆಯಲ್ಲಿ ನಿಂತು ಕವನ ಓದುವವರು ಯಾರೂ ಕೇಳದಿದ್ದರೂ ಮಾವನ ಮುಖ ನೋಡಿ ಮುಂದುವರಿಸುತ್ತಿದ್ದರು. ಬಿಸ್ಕತ್ತಿನ ತಟ್ಟೆಯ ಸುತ್ತಲೇ ಇದ್ದು ಚಿತ್ರದ ಕಡೆ ತಿರುಗಿಯೂ ನೋಡದ ಒಂದಷ್ಟು ಜನರಿಗೆ ಬಿಸ್ಕತ್ತು ಬಳಗ ಎಂಬ ಹೆಸರಿಟ್ಟವರೂ ಮಾವನೇ. ಬಳಗದವರಿಗೂ ಅವರೆಂದರೆ ಪ್ರೀತಿ.

ಮನೆಯಲ್ಲಿ ಅಷ್ಟು ಮಾತಿಲ್ಲ. ಲಿಫ್ಟ್ ಇಲ್ಲದ ಮೂರನೇ ಮಹಡಿ, ಕಿಟಕಿ ತೆಗೆದರೆ ಎದುರು ಮನೆಯ ನೀರಿನ ಕೊಳವೆ. ಅತ್ತೆ ಅಂಗಡಿಗಳಿಗೆ ಪರದೆ ಹೊಲಿದು ಕೊಡುತ್ತಾರೆ. ಮನೆಯ ತುಂಬ ಬಟ್ಟೆಯ ನೂಲು. ಇತ್ತೀಚಿನ ವರ್ಷಗಳಲ್ಲಿ ಮಾವ ಮೆಟ್ಟಿಲು ಹತ್ತಿ ಬಂದರೆ ಮಾತಾಡುವುದಕ್ಕೆ ಮೊದಲು ಬಹಳ ಹೊತ್ತು ಸುಮ್ಮನೆ ಕೂರುತ್ತಿದ್ದರು. ಬೂಟಿನ ದಾರ ಬಿಚ್ಚಲು ಬಗ್ಗಿದವರು ಹಾಗೇ ಬಗ್ಗಿಕೊಂಡು, ಏಳುವುದು ಮರೆತವರ ಹಾಗೆ ಇರುತ್ತಿದ್ದರು. ಅವರ ಪ್ಯಾಂಟಿನ ಅಂಚು ನೆಲ ಒರೆಸತೊಡಗಿತ್ತು. ಅತ್ತೆ ಒಂದು ಮಡಿಕೆ ಮಡಿಚಿ ಹೊಲಿದರು, ಸ್ವಲ್ಪ ಕಾಲದ ಮೇಲೆ ಮತ್ತೊಂದು ಮಡಿಕೆ ಹೊಲಿದರು.

“ಒಗೆದರೆ ಬಟ್ಟೆ ಕುಗ್ಗೋದು ನೋಡಿದ್ದೀನಿ. ನಮ್ಮನೇಲಿ ಬಟ್ಟೆ ಇದ್ದ ಹಾಗೇ ಇರುತ್ತೆ, ಒಳಗಿರೋ ಯಜಮಾನರು ಕುಗ್ತಾರೆ,” ಎಂದರು ಅತ್ತೆ, ದಾರ ಹಲ್ಲಲ್ಲಿ ಕಡಿಯುತ್ತಾ.

ಇದು ಅಗ್ಗದ ಬಟ್ಟೆ, ಜೋತು ಬೀಳುತ್ತದೆ ಎಂದು ಮಾವ ವಾದಿಸಿದರು.

ಸುತ್ತಿಗೆ ಕೆಳಗಿಡಿ, ಸಾಕು ಎಂದು ಅತ್ತೆ ಆಗಾಗ ಹೇಳುತ್ತಿದ್ದರು. ಮಾವ ಒಪ್ಪುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಗ್ಯಾಲರಿಗಳಲ್ಲಿ ದೀಪ ಕೂರಿಸುತ್ತಿದ್ದ ಒಬ್ಬರಿದ್ದರು, ಮಾವನ ಓರಗೆಯವರೇ. ಕಣ್ಣು ಮಂಜಾಗಿ ಅವರು ಕೆಲಸ ಬಿಟ್ಟರು. ಬಿಟ್ಟ ಮೇಲೂ ಒಂದೆರಡು ಗುರುವಾರ ಬಂದರು. ಜನ ಹೇಗಿದ್ದೀರಿ ಎಂದು ಕೇಳಿ, ಉತ್ತರ ಬರುವ ಮೊದಲೇ ಮುಂದಿನ ಕೋಣೆಗೆ ಹೋದರು. ಆಮೇಲೆ ಅವರು ಬರುವುದು ನಿಂತಿತು, ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ. ಮಾವ ಅದನ್ನು ಕಣ್ಣಾರೆ ಕಂಡಿದ್ದರು. ಅವತ್ತು ಮನೆಗೆ ಬಂದು ಅತ್ತೆಯ ಹತ್ತಿರ ಒಂದೇ ಮಾತು ಹೇಳಿದರು.

“ಕೈಯಲ್ಲಿ ಸುತ್ತಿಗೆ ಇಲ್ಲದಿದ್ದರೆ ಆ ಬೀದಿಗೆ ನಾನ್ಯಾರು ಹೇಳು?”

ಹೀಗಿರುವಾಗ ನೀಲಿಗೆ ದೊಡ್ಡ ಅವಕಾಶ ಬಂತು. ಮುಖ್ಯ ರಸ್ತೆಯಲ್ಲಿ ಊರಿನ ದೊಡ್ಡ ಚಿತ್ರಶಾಲೆ ಇದೆ, ಎತ್ತರದ ಬಾಗಿಲು, ಕಲ್ಲಿನ ನೆಲ. ಅಲ್ಲಿ ನೀಲಿಯ ಜೀವಮಾನದ ಚಿತ್ರಗಳನ್ನೆಲ್ಲ ಒಟ್ಟಿಗೆ ಇಡುವುದೆಂದಾಯಿತು. ಚಿತ್ರಶಾಲೆಗೆ ತನ್ನದೇ ಆಳುಗಳ ತಂಡವಿದೆ. ಅವರ ಹತ್ತಿರ ಗೋಡೆಯ ಮೇಲೆ ಕೆಂಪು ಬೆಳಕಿನ ಗೆರೆ ಬೀಳಿಸುವ ಪೆಟ್ಟಿಗೆ ಇದೆ. ಆದರೆ ನೀಲಿ ಹಟ ಹಿಡಿದರು. ನನ್ನ ಚಿತ್ರಕ್ಕೆ ನನ್ನ ಗೆಳೆಯನೇ ಮೊಳೆ ಹೊಡೆಯಬೇಕು, ಇಲ್ಲದಿದ್ದರೆ ಪ್ರದರ್ಶನವೇ ಬೇಡ ಎಂದು ಕೂತರು. ಚಿತ್ರಶಾಲೆಯವರು ಒಪ್ಪಿದರು. ಮಾವ ಒಂದು ವಾರ ಎಲ್ಲರೆದುರೂ ಇದನ್ನೇ ಹೇಳಿದರು. ಹಾಲಿನ ಅಂಗಡಿಯವನಿಗೆ ನಾಲ್ಕು ಸಲ ಹೇಳಿರಬೇಕು.

ಅದಕ್ಕೆ ಮೊದಲು ಆ ತಿಂಗಳ ಗುರುವಾರದ ಕೆಲಸ ಇತ್ತು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಬೀದಿ ಪೂರ್ತಿ ಮುಗಿದು, ಹಳೆಯ ಬ್ಯಾಂಕಿನ ಗ್ಯಾಲರಿಯಲ್ಲಿ ಸ್ವಲ್ಪ ಉಳಿದಿತ್ತು. ಅದನ್ನು ನಡೆಸುವ ಮೇಡಂ ತಮ್ಮ ಮೇಜಿನ ಹಿಂದೆ ಒಂದು ಚಿತ್ರ ಇಟ್ಟುಕೊಂಡಿದ್ದಾರೆ, ಹಳದಿ ಗೋಡೆಗೆ ಒರಗಿಸಿದ ಏಣಿಯ ಚಿತ್ರ. ಗ್ಯಾಲರಿ ಶುರುವಾದ ದಿನ ಮಾವನೇ ಹಾಕಿದ್ದು. ಅದು ಮಾರಾಟಕ್ಕಲ್ಲ, ಆದ್ದರಿಂದ ಅಲ್ಲಿಂದ ಕದಲಿಲ್ಲ; ಆ ಗೋಡೆಗೆ ಅದೊಂದೇ. ಈ ಸಲ ಮೇಡಂ ಅದರ ಆಚೆ ಈಚೆ ಎರಡು ಹೊಸ ಚಿತ್ರ ಹಾಕಿಸಬೇಕೆಂದರು. ಮಾವ ಎಂದಿನ ಹಾಗೆ ಬೂಟು ಬಿಚ್ಚಿದರು, ಬೆನ್ನು ಹಚ್ಚಿದರು, ನೋಡಿದರು, ಹೊಡೆದರು.

ಮೇಡಂ ಕುರ್ಚಿಯಲ್ಲಿ ತಿರುಗಿ ನೋಡಿದರು.

“ಮೊಳೆ ಮಾವ, ನಡುವಿಂದು ಯಾಕೋ ಎಗರಿ ಕೂತ ಹಾಗಿದೆಯಲ್ಲ?”

ಮಾವ ಹಿಂದೆ ಸರಿದು ನೋಡಿದರು. ಹೌದು, ಏಣಿಯ ಚಿತ್ರ ಎರಡರ ನಡುವೆ ಹುಬ್ಬೇರಿಸಿದ ಹಾಗೆ ಮೇಲಿತ್ತು.

“ಅದನ್ನ ಯಾರೋ ಮೇಲಕ್ಕೆ ಸರಿಸಿದ್ದಾರಮ್ಮ. ನನ್ನ ಗೆರೆ ಅಲ್ಲ ಅದು.”

“ಯಾರು ಸರಿಸ್ತಾರೆ? ಇಷ್ಟು ವರ್ಷದಿಂದ ನನ್ನ ತಲೆ ಮೇಲೇ ಇದೆ.”

ತೋರಿಸುತ್ತೇನೆ ಎಂದು ಮಾವ ಚಿತ್ರ ಇಳಿಸಿದರು. ಗೋಡೆಯಲ್ಲಿ ಬಣ್ಣ ಮಾಸದ ಚೌಕವೊಂದು ಹಾಗೇ ಉಳಿದಿತ್ತು. ಅದರ ಮೇಲಂಚಿನ ನಡುವೆ ಅಡ್ಡಡ್ಡ ಹಚ್ಚಿದ ಅಂಟುಪಟ್ಟಿಯ ಎರಡು ತುಂಡು, ಒಣಗಿದ ಎಲೆಯ ಹಾಗೆ ಕಂದಾಗಿದ್ದವು. ಅದರಲ್ಲಿ ಎಡಗೈಯವನು ಹೊಡೆದ ಮೊಳೆ, ಅದೇ ವಾಲು. ಆ ಚೌಕದಲ್ಲಿ ಬೇರೆ ತೂತು ಇರಲಿಲ್ಲ.

ಮಾವ ಎರಡು ಎತ್ತರಗಳ ನಡುವೆ ಅಂಗೈ ಇಟ್ಟು ನೋಡಿದರು. ಅಂಗೈ ಸಾಲಲಿಲ್ಲ.

ಅಷ್ಟರಲ್ಲಿ ಮೇಡಂಗೆ ಫೋನು ಬಂದು ಅವರು ಹೊರಗೆ ಹೋದರು. ಮಾವ ಮತ್ತೆ ಎದುರು ಗೋಡೆಗೆ ಬೆನ್ನು ಹಚ್ಚಿ ನಿಂತರು. ಈ ಸಲ ಬೆನ್ನು ಎಲ್ಲಿ ಮುಟ್ಟುತ್ತದೆ ಎಂದು ಗಮನಿಸಿದರು. ಸೊಂಟ ಮುಟ್ಟಿತು, ಭುಜದ ಹತ್ತಿರ ಒಂದಷ್ಟು ಜಾಗ ಖಾಲಿ, ತಲೆಯಂತೂ ಗೋಡೆಗೆ ತಾಗಲೇ ಇಲ್ಲ. ಇಷ್ಟು ದಿನ ನೆಟ್ಟಗೆ ನಿಂತಿದ್ದೇನೆ ಎಂದುಕೊಂಡದ್ದು ನೆಟ್ಟಗಲ್ಲ. ಮೊಳೆ ಮೇಲೇರುವುದಿಲ್ಲ, ಇಳಿದಿದ್ದು ತಾವು. ಒಂದೇ ದಿನ ಇಳಿದಿದ್ದರೆ ಯಾರಿಗಾದರೂ ಕಾಣುತ್ತಿತ್ತು. ಅವರು ತಿಂಗಳಿಗೆ ಕೂದಲೆಳೆಯಷ್ಟು ಇಳಿದಿದ್ದರು, ಅವರ ಜೊತೆ ಇಡೀ ಬೀದಿಯ ಚಿತ್ರಗಳೂ ಅಷ್ಟಷ್ಟೇ ಇಳಿದಿದ್ದವು. ಎಲ್ಲ ಗ್ಯಾಲರಿಯಲ್ಲೂ ಒಂದೇ ಗೆರೆ ಇದ್ದದ್ದರಿಂದ ಹೋಲಿಸಿ ನೋಡಲು ಯಾರಿಗೂ ಏನೂ ಇರಲಿಲ್ಲ.

ಅವರು ಆ ಎರಡು ಚಿತ್ರಗಳನ್ನು ಏಣಿಯ ಎತ್ತರಕ್ಕೆ ತಂದರು. ಮೇಡಂ ಬಂದು ಈಗ ಸರಿಯಾಯಿತು ಎಂದರು. ಮಾವ ಹೂಂ ಎಂದರು. ಉಳಿದ ಮೂರು ಗೋಡೆಗಳ ಕಡೆ ತಿರುಗಿ ನೋಡಲೂ ಇಲ್ಲ.

ಆ ದಿನ ಮನೆಗೆ ಬಂದು ಬೂಟು ಬಿಚ್ಚದೆಯೇ ಕೂತರು. ಅತ್ತೆ ಟೀ ಕೊಟ್ಟರು. ಟೀ ಆರಿತು. ಏನಾಯಿತು ಎಂದು ಕೇಳಿದ್ದಕ್ಕೆ ಸುಸ್ತು ಎಂದರು. ಅತ್ತೆಗೆ ಅದು ಬರೀ ಸುಸ್ತಲ್ಲ ಎಂದು ಗೊತ್ತಾಯಿತಂತೆ, ಆದರೆ ಕೆದಕಲಿಲ್ಲ.

ಗುರುವಾರ ಮಾವ ಕೋಟು ಹಾಕಿಕೊಂಡು ಹೊರಟರು. ಅವತ್ತಿನ ಸಂಜೆಯನ್ನು ಅವರು ನನಗೆ ಎರಡು ಸಲ ಹೇಳಿದ್ದಾರೆ, ಎರಡು ಸಲವೂ ಒಂದೇ ರೀತಿ ಹೇಳಿದ್ದಾರೆ.

ಬೀಗದಂಗಡಿಯ ಪಕ್ಕದ ಮೊದಲ ಗ್ಯಾಲರಿಯಲ್ಲೇ ಅದು ಕಂಡಿತು. ಜನ ಚಿತ್ರಗಳ ಮುಂದೆ ಸ್ವಲ್ಪ ಬಗ್ಗಿ ನಿಂತಿದ್ದರು. ಗಲ್ಲ ಎದೆಯ ಕಡೆ, ಭುಜ ಮುಂದೆ, ಕೆಲವರ ಕೈ ಮೊಣಕಾಲಿನ ಮೇಲೆ. ಇತ್ತೀಚಿನ ವರ್ಷಗಳಲ್ಲಿ ಮಾವ ಇದನ್ನು ಎಷ್ಟೋ ಸಲ ಕಂಡಿದ್ದರು. ಜನರಿಗೆ ಚಿತ್ರದ ಮೇಲೆ ಭಕ್ತಿ ಹೆಚ್ಚಾಗಿದೆ, ತಲೆಬಾಗಿ ನೋಡುತ್ತಾರೆ ಎಂದುಕೊಂಡು ಒಳಗೊಳಗೇ ಸಂತೋಷಪಟ್ಟಿದ್ದರು. ಅತ್ತೆಗೂ ಹಾಗೇ ಹೇಳಿದ್ದರು. ಈಗ ಅದೇ ತಲೆಗಳನ್ನು ನೋಡಿ ಅವರ ಕಿವಿ ಬಿಸಿಯಾಯಿತು.

ಅಲ್ಲಿಂದ ಹೊರಟರು. ಏರು ಅವತ್ತು ಎಂದಿಗಿಂತ ಕಡಿದಾಗಿತ್ತು. ಬೇಕರಿಯ ಮುಂದೆ ನಿಂತು ಉಸಿರು ತೆಗೆದುಕೊಂಡರು, ನೆಲಮಾಳಿಗೆಗೆ ಇಳಿಯುವಾಗ ಮೆಟ್ಟಿಲಿನ ಕಂಬಿ ಬಿಡಲಿಲ್ಲ. ಒಳಗೆ ಮರದ ಶಿಲ್ಪಿ ಬಂದು ತೋಳು ಹಿಡಿದ. ಪ್ರತಿ ತಿಂಗಳೂ ಅಭಿಪ್ರಾಯ ಕೇಳಿ, ಅದನ್ನು ಕೇಳಿಸಿಕೊಳ್ಳದೆ ತನ್ನದೇ ಹೇಳುವವನು ಅವನು. ಹೇಗಿದೆ ಮಾವ ಎಂದ. ಗೋಡೆಗೆ ಒಪ್ಪುತ್ತೆ ಎನ್ನುವ ಮಾತು ಮಾವನ ಬಾಯಿಗೆ ಬರಲಿಲ್ಲ. ನಿನ್ನದು ನೆಲದ ಮೇಲಿದೆ, ಅದಕ್ಕೇನಪ್ಪ ಚಿಂತೆ ಎಂದುಬಿಟ್ಟರು. ಶಿಲ್ಪಿಗೆ ಇದು ಏನೋ ಆಳವಾದ ಮಾತು ಎನ್ನಿಸಿ, ಬಿಸ್ಕತ್ತು ಬಳಗದವರಿಗೆಲ್ಲ ಹೇಳಿಕೊಂಡು ಬಂದ.

ಹಳೆಯ ಬ್ಯಾಂಕಿನಲ್ಲಿ ಫೋಟೋ ತೆಗೆಯುವ ಎತ್ತರದ ಹುಡುಗಿಯೊಬ್ಬಳು ಇದ್ದಳು. ಒಂದು ಚಿತ್ರದ ಮುಂದೆ ಬಗ್ಗಿ ನಿಂತಿದ್ದವಳು ಸೊಂಟಕ್ಕೆ ಕೈ ಕೊಟ್ಟು ಎದ್ದು, ಪಕ್ಕದ ಗೆಳತಿಗೆ ಹೇಳಿದಳು.

“ಈ ಬೀದಿಗೆ ಬಂದು ಹೋದ್ರೆ ಎರಡು ದಿನ ಸೊಂಟ ನೋವು ಕಣೇ. ಏರು ಹತ್ತೋದಕ್ಕೆ ಅಂದ್ಕೊಂಡಿದ್ದೆ.”

ಗೆಳತಿ ನಕ್ಕಳು. ನಿನ್ನಷ್ಟು ಉದ್ದ ಬೆಳೆದವರಿಗೆ ಎಲ್ಲಿ ಹೋದರೂ ಕಷ್ಟ ಎಂದಳು. ಇಬ್ಬರೂ ಮುಂದೆ ಹೋದರು. ಮಾವ ಅಲ್ಲೇ ನಿಂತಿದ್ದರು, ಅವರ ಪಕ್ಕದಲ್ಲೇ.

ಬೀದಿಯ ಮೇಲಿನ ತುದಿಗೆ ಬರುವಷ್ಟರಲ್ಲಿ ಅವರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ನೀಲಿಯ ಪ್ರದರ್ಶನ ತಮ್ಮ ಕೈಯಲ್ಲೇ ಆಗುತ್ತದೆ, ಬೀದಿಯೂ ತಮ್ಮದೇ ಆಗಿ ಉಳಿಯುತ್ತದೆ. ಹೇಳಿದರೆ ಎರಡೂ ಹೋಗುತ್ತವೆ. ಮುದ್ರಣಾಲಯದ ಅಂಗಳದಲ್ಲಿ ಕಾಗದದ ಮೂಟೆ ಇಡುತ್ತಿದ್ದ ಕಲ್ಲುಕಟ್ಟೆ ಇದೆ. ನೀಲಿ ಅದರ ಮೇಲೆ ಕೂತು ಬೂಟಿನೊಳಗಿನ ಮರಳು ಕೊಡವುತ್ತಿದ್ದರು. ಮಾವ ಪಕ್ಕದಲ್ಲಿ ಕೂತರು.

ಮಾವನಿಗೆ ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಏಣಿಯ ಚಿತ್ರ, ಅಂಟುಪಟ್ಟಿ, ಅಂಗೈ ಸಾಲದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದರು. ನೀಲಿ ಪೂರ್ತಿ ಕೇಳಿ, ಬೂಟು ಕೈಯಲ್ಲೇ ಹಿಡಿದುಕೊಂಡು ಹೊಟ್ಟೆ ಕುಲುಕುವ ಹಾಗೆ ನಕ್ಕರು.

“ನನಗೆ ಎಲ್ಲ ಸರಿಯಾಗೇ ಕಾಣ್ತಿತ್ತಲ್ಲೋ.”

“ನಿನಗೂ ವಯಸ್ಸಾಗಿದೆ ಕಣೋ. ನೀನೂ ನನ್ನ ಜೊತೆಗೇ ಇಳಿದಿದ್ದೀಯ.”

“ಹಾಗಾದ್ರೆ ಒಳ್ಳೇದೇ ಆಯ್ತು. ನನ್ನ ಚಿತ್ರ, ನನ್ನ ಎತ್ತರ. ಹಾಗೇ ಹಾಕು.”

“ನೋಡೋಕೆ ಬರೋರು ನಾವಿಬ್ಬರೇ ಅಲ್ಲವಲ್ಲ. ಆ ಹುಡುಗಿ ಸೊಂಟ ಹಿಡ್ಕೊಂಡು ನಿಂತಿದ್ದು ನೀನು ನೋಡಬೇಕಿತ್ತು. ನಿನ್ನ ಚಿತ್ರದ ಮುಂದೆ ಯಾರೂ ಹಾಗೆ ನಿಲ್ಲೋದು ಬೇಡ.”

ನೀಲಿಯ ನಗು ನಿಂತಿತು. ಅವರು ಸುಮ್ಮನೆ ಬಿಡುವವರಲ್ಲ. ಟೇಪು ಹಿಡಿ ಎಂದರು. ಏಣಿಯ ಚಿತ್ರದ ಹೊಕ್ಕುಳು ನೆಲದಿಂದ ಎಷ್ಟು ಎತ್ತರವಿದೆ ಎಂದು ಅಳೆದುಕೋ, ಆ ಎತ್ತರಕ್ಕೇ ಎಲ್ಲ ಹಾಕು, ಯಾರು ಬೇಡ ಎನ್ನುತ್ತಾರೆ, ಇಷ್ಟಕ್ಕೆ ಅಳುಮೋರೆ ಯಾಕೆ ಎಂದು ರೇಗಿದರು. ಮಾವ ಇದನ್ನು ಹಿಂದಿನ ದಿನವೇ ಯೋಚಿಸಿದ್ದರು.

“ಅಳತೆ ಸರಿ ಇರುತ್ತೆ. ನನ್ನ ಕಣ್ಣಿಗೆ ಮಾತ್ರ ತಪ್ಪು ಅಂತಲೇ ಕಾಣ್ತಿರುತ್ತೆ. ತಪ್ಪು ಅಂತ ಕಾಣೋದನ್ನ ಗೋಡೆ ತುಂಬ ಹೊಡೀತಾ ಹೋಗಬೇಕು. ಕೈ ಏಳಲ್ಲ ಕಣೋ.” ಆಮೇಲೆ ತಮಗೇ ಹೇಳಿಕೊಂಡ ಹಾಗೆ ಅಂದರು, “ಕೈ ಏಳದೆ ಬಹಳ ದಿನ ಆಯ್ತು. ಭುಜ ನೋಯುತ್ತೆ. ಏಣಿ ಹತ್ತಿದ ಮೇಲೆ ಇಳಿಯೋದು ಹೇಗೆ ಅಂತ ಯೋಚನೆ ಬರುತ್ತೆ. ಸಾಕಾಗಿಹೋಗಿದೆ ನನಗೆ. ಹೇಳಿದ್ರೆ ಬೀದಿ ಹೋಗುತ್ತೆ ಅಂತ ಹೇಳಿರಲಿಲ್ಲ, ಅಷ್ಟೆ.”

ಇದನ್ನು ಅವರು ಅತ್ತೆಗೂ ಹೇಳಿರಲಿಲ್ಲ. ನೀಲಿ ಬೂಟು ಹಾಕಿಕೊಂಡರು. ಮೇಲಿನ ಮಹಡಿಯಲ್ಲಿ ಯಾರೋ ಕವನ ಓದಿ ಮುಗಿಸಿದರು, ಒಂದೆರಡು ಚಪ್ಪಾಳೆ ಕೇಳಿತು. ಕೊನೆಗೆ ನೀಲಿ, ಆ ಕೆಂಪು ಬೆಳಕಿನವರು ಹಾಕಲಿ, ಆದರೆ ಯಾವ ಚಿತ್ರದ ಪಕ್ಕ ಯಾವ ಚಿತ್ರ ಎಂದು ನೀನು ಕುರ್ಚಿ ಹಾಕಿಕೊಂಡು ಕೂತು ಹೇಳಬೇಕು ಎಂದರು. ಮಾವ ಒಪ್ಪಿದರು.

ಇಳಿಯುವಾಗ ದಾರಿಯಲ್ಲೇ ಹಳೆಯ ಬ್ಯಾಂಕಿಗೆ ಹೋಗಿ ಮೇಡಂಗೂ ಹೇಳಿಬಿಟ್ಟರು. ಜನ ಹೊರಟಿದ್ದರು, ಮೇಡಂ ಖಾಲಿ ಲೋಟಗಳನ್ನು ತಟ್ಟೆಗೆ ಸೇರಿಸುತ್ತಿದ್ದರು. ಅವರಿಗೆ ಮೊದಲು ನಂಬಿಕೆ ಬರಲಿಲ್ಲ. ನಾನು ಯಾವಾಗಲೂ ಕೂತೇ ನೋಡುವುದು, ನನಗೆ ಹೇಗೆ ಗೊತ್ತಾಗಬೇಕು ಎಂದರು. ಆಮೇಲೆ ಗೋಡೆಯ ಹತ್ತಿರ ಹೋಗಿ ನಿಂತು ನೋಡಿ, ಅಯ್ಯೋ ಹೌದಲ್ಲ ಎಂದರು. ಮಾವ ಇನ್ನು ಮುಂದೆ ತಮ್ಮ ಕೈಲಾಗುವುದಿಲ್ಲ ಎಂದರು. ಬಾಯಿಮಾತಿಗಾದರೂ ಬೇಡ, ಬಿಡಬೇಡಿ ಎಂದು ಅವರು ಹೇಳಬಹುದೇನೋ ಎಂದು ಮಾವ ಒಂದು ಗಳಿಗೆ ಕಾದರು. ಮೇಡಂ ಕೆಟ್ಟವರಲ್ಲ. ಅವರಿಗೆ ಮುಂದಿನ ತಿಂಗಳ ಚಿಂತೆ. ಚಿತ್ರಶಾಲೆಯ ತಂಡದವರು ಹೊರಗಿನ ಕೆಲಸಕ್ಕೆ ಬರುತ್ತಾರಾ, ವಿಚಾರಿಸಿಕೊಡುತ್ತೀರಾ ಎಂದು ಕೇಳಿದರು. ವಿಚಾರಿಸುತ್ತೇನೆ ಎಂದು ಮಾವ ಹೇಳಿ ಬಂದರು. ಮಾರನೆಯ ದಿನ ವಿಚಾರಿಸಿಯೂ ಕೊಟ್ಟರು.

ಉಳಿದ ಗ್ಯಾಲರಿಗಳಿಗೆ ಆ ವಾರವೇ ಒಂದೊಂದಕ್ಕೂ ಹೋಗಿ ತಿಳಿಸಿದರು. ನೆಲಮಾಳಿಗೆಯವರೊಬ್ಬರು ಮಾತ್ರ, ನಮ್ಮದು ಹೇಗೂ ಎಲ್ಲರೂ ಬಗ್ಗಿ ಬರುವ ಜಾಗ, ನೀವೇ ಇರಿ ಮಾವ ಎಂದು ತಮಾಷೆ ಮಾಡಿದರು. ಮಾವ ನಕ್ಕು ಬೇಡ ಎಂದರು.

ನೀಲಿಯ ಪ್ರದರ್ಶನಕ್ಕೆ ತಂಡದ ಹುಡುಗರು ಬೇಗ ಬೇಗ ಕೆಲಸ ಮುಗಿಸಿದರು. ಮಾವ ಕುರ್ಚಿಯಲ್ಲಿ ಕೂತು ಕೈ ತೋರಿಸಿದರು. ಆ ದೊಡ್ಡದು ಬಾಗಿಲಿನ ಎದುರು ಬೇಡ, ಒಳಗೆ ಬಂದ ಮೇಲೆ ಸಿಗಲಿ. ಈ ಎರಡು ಅಕ್ಕಪಕ್ಕ ಇದ್ದರೆ ಜಗಳವಾಡುತ್ತವೆ, ದೂರ ಇಡಿ. ಹುಡುಗರು ಹೇಳಿದ ಹಾಗೆ ಇಟ್ಟರು, ಒಮ್ಮೆ ಮಾತ್ರ ಅವರ ಕೆಂಪು ಗೆರೆ ಮಾವನ ಹಣೆಯ ಮೇಲೆ ಹಾದುಹೋಯಿತು, ಎಲ್ಲರೂ ನಕ್ಕರು. ಸುತ್ತಿಗೆಯ ಸದ್ದು ಬಂದಾಗಲೆಲ್ಲ ಮಾವನ ಎಡಗೈ ತೊಡೆಯ ಮೇಲೆ ತಾನಾಗಿ ಅಲ್ಲಾಡುತ್ತಿತ್ತು ಎಂದು ಅತ್ತೆ ಹೇಳುತ್ತಾರೆ. ಅವತ್ತು ಅವರೂ ಜೊತೆಗೆ ಹೋಗಿದ್ದರು.

ಪ್ರದರ್ಶನ ಶುರುವಾದ ಸಂಜೆ ಬಹಳ ಜನ ಬಂದರು. ಯಾರೂ ಬಗ್ಗಲಿಲ್ಲ. ಎತ್ತರದ ಆ ಹುಡುಗಿಯೂ ಬಂದಿದ್ದಳು; ಕಡಲಿನ ಚಿತ್ರದ ಮುಂದೆ ಕತ್ತು ನೇರ ಇಟ್ಟುಕೊಂಡು ಬಹಳ ಹೊತ್ತು ನಿಂತಳು. ಮಾವ ಅವಳ ಪಕ್ಕ ನಿಂತು ಅದೇ ಚಿತ್ರ ನೋಡಿದರು. ಅವರು ತಲೆ ಎತ್ತಿ ನೋಡಬೇಕಾಯಿತು. ನೀಲಿಯ ಕಡಲು ಅವರ ಕಣ್ಣಿಗೆ ಮೇಲಿತ್ತು, ತಮ್ಮ ಕಡೆಗೆ ಬರುತ್ತಿರುವ ಹಾಗೆ. ಸ್ವಲ್ಪ ಹೊತ್ತಿಗೆ ಕತ್ತು ಹಿಡಿದುಕೊಂಡಿತು. ನೀಲಿ ದೂರದಿಂದ ಹೇಗಿದೆ ಎಂದು ಕೈಸನ್ನೆ ಮಾಡಿದರು. ಮಾವ ತಲೆಯಾಡಿಸಿದರು.

ಮುಂದಿನ ತಿಂಗಳ ಗುರುವಾರ ಬಂತು. ಮಾವ ಮುಖ ತೊಳೆದು ಕೋಟು ಹಾಕಿಕೊಂಡು ಹೋದರು. ಮೊಳೆ ಹೊಡೆಯದೆ ಆ ಬೀದಿಗೆ ಅವರು ಹೋದ ಮೊದಲ ತಿಂಗಳು ಅದು. ಬೀಗದಂಗಡಿಯ ಪಕ್ಕದ ಮೊದಲ ಗ್ಯಾಲರಿಯ ಬಾಗಿಲಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಿಂತಿದ್ದಳು. ನಗುತ್ತಾ, ಬನ್ನಿ ಸಾರ್, ಯಾವ ಚಿತ್ರಕಾರರ ಕಡೆಯವರು ಎಂದು ಕೇಳಿದಳು. ಅವಳದು ತಪ್ಪಿಲ್ಲ. ಮಾವ ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡರು. ನೀಲಿಯವರ ಕಡೆ ಎಂದರಂತೆ. ಒಳಗೆ ಒಬ್ಬಿಬ್ಬರು ಮಾತಾಡಿಸಿದರು, ಮರದ ಶಿಲ್ಪಿ ಬಂದು ತೋಳನ್ನೂ ಹಿಡಿದ. ಆದರೆ ಮಾವ ಬೇಕರಿಯಿಂದ ಮೇಲೆ ಹೋಗಲಿಲ್ಲ. ನೀಲಿ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಕಾದು, ಕೊನೆಗೆ ಮನೆಗೆ ಫೋನು ಮಾಡಿದರು. ಅಷ್ಟರಲ್ಲಿ ಮಾವ ಬಂದು ಮಲಗಿದ್ದರು.

“ಏರು ಜಾಸ್ತಿಯಾಗಿದೆ. ಒಬ್ಬನೇ ಹತ್ತೋಕೆ ಆಗಲ್ಲ,” ಎಂದರು ಅತ್ತೆಗೆ.

“ಒಬ್ಬರೇ ಯಾಕೆ ಹತ್ತಬೇಕು?” ಎಂದರು ಅತ್ತೆ. ಅವರಿಗೆ ಆ ತಿಂಗಳು ಪರದೆಯ ಕೆಲಸ ತುಂಬ ಇತ್ತು, ತಾವು ಬರುತ್ತೇನೆ ಎನ್ನಲಿಲ್ಲ. ಆದರೆ ಹಾಗೆ ಕೇಳುವಾಗ ನನ್ನ ಕಡೆ ನೋಡಿದರು.

ನನಗೆ ಜನರ ನಡುವೆ ನಿಲ್ಲಲು ಬರುವುದಿಲ್ಲ, ಯಾರಾದರೂ ಮಾತಾಡಿಸಿದರೆ ನೆಲ ನೋಡುತ್ತೇನೆ. ಆದರೂ ಬರುವ ಗುರುವಾರ ನಾನು ಮಾವನ ಜೊತೆ ಹೋಗುತ್ತೇನೆ, ನೀಲಿಯವರು ಕೂರುವ ಕಟ್ಟೆಯ ತನಕ.